ಕುಷ್ಟಗಿ ಕಡೆಯವಳು, ಪಿಸಿಎಂಬಿ: ಸಿಇಟಿ ಅರ್ಜಿಗೆ ಯಾವ ಕಾಗದ ಮೊದಲು, ಆಮೇಲೆ ಯಾವ ಕಾಲೇಜು?

ಕುಷ್ಟಗಿ_ಪಿಯು:

ಎಲ್ಲರಿಗೂ ನಮಸ್ಕಾರ. ನಾನು ಕುಷ್ಟಗಿಯಲ್ಲಿ ದ್ವಿತೀಯ ಪಿಯು ಓದ್ತಿದ್ದೀನಿ, ಪಿಸಿಎಂಬಿ. 1ರಿಂದ 7ರವರೆಗೆ ನಮ್ಮೂರ ಸರ್ಕಾರಿ ಶಾಲೆ, 8ರಿಂದ 10 ತಾವರಗೇರಾದ ಹೈಸ್ಕೂಲು. ಎಲ್ಲಾ ಕನ್ನಡ ಮಾಧ್ಯಮವೇ. ಜಾತಿ 2ಎ. ಅಪ್ಪನಿಗೆ 4 ಎಕರೆ ಒಣಬೇಸಾಯ. ನಾನು ಹುಟ್ಟಿದ್ದು ಅವ್ವನ ತವರು ಇಳಕಲ್‌ನಲ್ಲಿ, ಜನನ ಪ್ರಮಾಣಪತ್ರವೂ ಅಲ್ಲಿಯದೇ.

ಸಿಇಟಿ ಅರ್ಜಿ ಹಾಕುವಾಗ 371(ಜೆ) (ಕಲ್ಯಾಣ ಕರ್ನಾಟಕದವರ ಮೀಸಲಾತಿ), ಗ್ರಾಮೀಣ, ಕನ್ನಡ ಮಾಧ್ಯಮ ಮೂರೂ ಕೋಟಾಕ್ಕೆ ‘ಹೌದು’ ಅಂತ ಒತ್ತಿಬಿಡೋಣ, ಕಾಗದ ಆಮೇಲೆ ಮಾಡಿಸಿದರಾಯ್ತು ಅಂತ ಸೈಬರ್‌ನವರು ಹೇಳ್ತಿದ್ದಾರೆ. ಹಾಗೆ ಮಾಡಬಹುದಾ? ಇಳಕಲ್‌ನಲ್ಲಿ ಹುಟ್ಟಿದವಳಿಗೆ 371(ಜೆ) ಸಿಗುತ್ತಾ?

ಇನ್ನೊಂದು. ಕಂಪ್ಯೂಟರ್ ಸೈನ್ಸ್ ಓದುವ ಆಸೆ ಇದೆ, ಬಿಎಸ್ಸಿ ಅಗ್ರಿ ಅಂದ್ರೂ ಇಷ್ಟ. ಅಪ್ಪ ಬಳ್ಳಾರಿ ಅಥವಾ ರಾಯಚೂರು ಸಾಕು ಅಂತಾರೆ. ಸೋದರಮಾವ ಓದಿದರೆ ಬೆಂಗಳೂರಲ್ಲೇ ಓದಬೇಕು ಅಂತಾರೆ. ಯಾವುದನ್ನು ನೋಡಿ ತೀರ್ಮಾನ ಮಾಡಬೇಕು?


ಕಂದಾಯ_ಕಾಗದ:

ತಂಗಿ, ಮೂರಕ್ಕೂ ‘ಹೌದು’ ಒತ್ತುವ ಮುನ್ನ ಇದನ್ನು ಓದು. ನಿನ್ನ ಮೂರು ಹಕ್ಕುಗಳಲ್ಲಿ ಒಂದು ಗಟ್ಟಿ, ಒಂದಕ್ಕೆ ಓಡಾಡಬೇಕು, ಒಂದು ಬಹುತೇಕ ನಿಲ್ಲುವುದಿಲ್ಲ.

ಗಟ್ಟಿಯಾದದ್ದು ಕನ್ನಡ ಮಾಧ್ಯಮ. 1ರಿಂದ 10ರವರೆಗೆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟು. ಎರಡು ಶಾಲೆಗಳಿಂದಲೂ ಬೇರೆ ಬೇರೆ ವ್ಯಾಸಂಗ ಪ್ರಮಾಣಪತ್ರ ತಗೋ, ಎರಡಕ್ಕೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಹಾಕಿಸು. ಮಾಧ್ಯಮ ಯಾವುದು, ಯಾವ ವರ್ಷದಿಂದ ಯಾವ ವರ್ಷದವರೆಗೆ ಅನ್ನುವುದು ಸ್ಪಷ್ಟವಾಗಿ ಇರಬೇಕು. ಇದನ್ನು ಓದುವ ಬೇರೆಯವರಿಗೂ ಒಂದು ಮಾತು: 6ನೇ ತರಗತಿಯಿಂದ ಆದರ್ಶ ವಿದ್ಯಾಲಯ ಸೇರಿದವರದ್ದು ಅಲ್ಲಿಂದ ಇಂಗ್ಲಿಷ್ ಮಾಧ್ಯಮ, ಹಾಗಾಗಿ ಅವರಿಗೆ ಈ ಕೋಟಾ ಬರುವುದಿಲ್ಲ. 1ರಿಂದ 5 ಕನ್ನಡದಲ್ಲಿ ಓದಿದ್ದರೂ ಬರುವುದಿಲ್ಲ.

ನಿಲ್ಲದಿರುವುದು ಗ್ರಾಮೀಣ. ಇದಕ್ಕೂ 1ರಿಂದ 10, ಹತ್ತು ವರ್ಷ ಪೂರ್ತಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ನಗರಸಭೆ, ಪುರಸಭೆ ಅಷ್ಟೇ ಅಲ್ಲ, ಪಟ್ಟಣ ಪಂಚಾಯ್ತಿ ವ್ಯಾಪ್ತಿಯೂ ಗ್ರಾಮೀಣ ಅಲ್ಲ. ತಾವರಗೇರಾ ಈಗ ಪಟ್ಟಣ ಪಂಚಾಯ್ತಿ. ನೋಡಲು ಹಳ್ಳಿಯಂತೆಯೇ ಇದೆ, ಸುತ್ತಲೂ ಹೊಲ ಇದೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಕುಕನೂರು, ಕನಕಗಿರಿ, ಭಾಗ್ಯನಗರದ ಶಾಲೆಗಳಲ್ಲಿ ಓದಿದವರೂ ಇದೇ ಕಡೆ ಎಡವುತ್ತಾರೆ. ಬಿಇಒ ಕಚೇರಿಗೆ ಹೋಗಿ ನೀನು ಓದಿದ ಮೂರೂ ವರ್ಷ ನಿನ್ನ ಹೈಸ್ಕೂಲು ಇದ್ದ ಜಾಗ ಯಾವ ಸ್ಥಳೀಯ ಸಂಸ್ಥೆಯ ವ್ಯಾಪ್ತಿಯಲ್ಲಿತ್ತು ಎಂದು ಕೇಳು. ಅವರು ‘ಗ್ರಾಮೀಣ’ ಎಂದು ಬರೆದು ಸಹಿ ಹಾಕಿದರೆ ಮಾತ್ರ ‘ಹೌದು’ ಒತ್ತು. ಪರಿಶೀಲನೆಯಲ್ಲಿ ಬಿದ್ದುಹೋಗುವ ಹಕ್ಕನ್ನು ನಂಬಿಕೊಂಡು ಕಾಲೇಜು ಪಟ್ಟಿ ಮಾಡಿದರೆ ಆ ಪಟ್ಟಿ ಪೂರ್ತಿ ತಪ್ಪಾಗುತ್ತದೆ.

ಓಡಾಡಬೇಕಾದದ್ದು 371(ಜೆ). ನಿನಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದೂ ಇದೇ. ಇಳಕಲ್ ಬಾಗಲಕೋಟೆ ಜಿಲ್ಲೆ, ಅದು ಈ ವಿಧಿಯ ವ್ಯಾಪ್ತಿಯಲ್ಲಿಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಬಳ್ಳಾರಿಯಿಂದ ಬೇರೆಯಾದ ವಿಜಯನಗರ, ಇಷ್ಟೇ. ಚೊಚ್ಚಲ ಹೆರಿಗೆ ತವರಲ್ಲಿ ಆಗುವುದು ನಮ್ಮ ಕಡೆ ವಾಡಿಕೆ, ಅದರಿಂದಾಗಿ ಗಡಿ ಭಾಗದ ಎಷ್ಟೋ ಮಕ್ಕಳ ಜನನ ಪ್ರಮಾಣಪತ್ರ ಇಳಕಲ್ಲಿನದೋ ಗದಗದ್ದೋ ಆಗಿರುತ್ತದೆ. ಗಾಬರಿ ಬೇಡ. ನಿನ್ನ ಜನನದ ಆಧಾರದಲ್ಲಿ ಕೇಳುವುದನ್ನು ಬಿಟ್ಟು ಅಪ್ಪ ಸ್ಥಳೀಯ ವ್ಯಕ್ತಿ ಅನ್ನುವ ಆಧಾರದಲ್ಲಿ ಕೇಳು. 1-1-2013ಕ್ಕಿಂತ ಮೊದಲಿನಿಂದ ಅಪ್ಪ ಇಲ್ಲಿಯವರೇ ಎಂದು ತೋರಿಸುವ ದಾಖಲೆ ಬೇಕು: ಅವರ ಜನನ ದಾಖಲೆ ಅಥವಾ ಶಾಲೆಯ ಟಿಸಿ, ಹಳೆಯ ಪಹಣಿ, ಮತದಾರರ ಪಟ್ಟಿ, ರೇಷನ್ ಕಾರ್ಡ್. ಅಪ್ಪ ಶಾಲೆಗೆ ಹೋಗಿದ್ದು ಎರಡೇ ವರ್ಷವಾದರೂ ಆ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಹೆಡ್‌ಮಾಸ್ತರರಿಂದ ಉದ್ಧೃತ ಪ್ರತಿ ತೆಗೆಸು.

ಅರ್ಜಿ ನಾಡಕಚೇರಿಯಲ್ಲಿ. ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರು, ತಹಶೀಲ್ದಾರರನ್ನು ದಾಟಿ ಕೊನೆಗೆ ಸಹಿ ಬೀಳುವುದು ಸಹಾಯಕ ಆಯುಕ್ತರದ್ದು (ಎಸಿ). ಕೊಪ್ಪಳ ಜಿಲ್ಲೆಗೆ ಎಸಿ ಕಚೇರಿ ಕೊಪ್ಪಳದಲ್ಲಿ. ರಾಯಚೂರಿನವರಿಗೆ ತಾಲೂಕು ನೋಡಿಕೊಂಡು ರಾಯಚೂರು ಅಥವಾ ಲಿಂಗಸುಗೂರು. ತಹಶೀಲ್ದಾರರ ವಾಸಸ್ಥಳ ಪ್ರಮಾಣಪತ್ರ ತಂದು ಇದೇ 371(ಜೆ) ಎಂದು ತಿಳಿದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ಎಸಿ ಸಹಿ ಇಲ್ಲದ್ದು ನಡೆಯುವುದಿಲ್ಲ. ಕನಿಷ್ಠ ಒಂದು ತಿಂಗಳು ಕೈಯಲ್ಲಿಟ್ಟುಕೊಂಡು ಶುರು ಮಾಡು. ಫಲಿತಾಂಶ ಬಂದ ವಾರ ಎಲ್ಲರೂ ಒಮ್ಮೆಗೇ ಮುಗಿಬೀಳುತ್ತಾರೆ.

ಜಾತಿ-ಆದಾಯ: 2ಎ ಆದ್ದರಿಂದ ನಮೂನೆ ‘ಎಫ್’. 5 ವರ್ಷ ಮಾತ್ರ ಚಾಲ್ತಿ. ಹೈಸ್ಕೂಲಿಗೆ ಸೇರುವಾಗ ಮಾಡಿಸಿದ್ದಾದರೆ ದಿನಾಂಕ ನೋಡು. ಆ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಾಕಿದಾಗ ಪರದೆಯ ಮೇಲೆ ಬರುವ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೆ ಹೊಂದಬೇಕು. ಅಂಕಪಟ್ಟಿಯಲ್ಲಿ ‘ಶರಣಮ್ಮ’, ಆಧಾರ್‌ನಲ್ಲಿ ‘ಶರಣವ್ವ’, ಆರ್‌ಡಿಯಲ್ಲಿ ಅಪ್ಪನ ಹೆಸರು ಸೇರಿ ಇನ್ನೊಂದು, ಹೀಗೆ ಮೂರು ಥರ ಇದ್ದರೆ ಅಂಕಪಟ್ಟಿಯನ್ನು ಮೂಲ ಎಂದಿಟ್ಟುಕೊಂಡು ಉಳಿದೆರಡನ್ನು ತಿದ್ದಿಸು. ಅಂಕಪಟ್ಟಿ ತಿದ್ದಿಸುವುದು ಎಲ್ಲಕ್ಕಿಂತ ಕಷ್ಟದ್ದು.

ಸೈಬರ್ ವಿಚಾರಕ್ಕೆ ಬಂದರೆ, ಅರ್ಜಿಯಲ್ಲಿ ನಿನ್ನ ಅಥವಾ ಅಪ್ಪನ ಮೊಬೈಲ್ ಸಂಖ್ಯೆಯೇ ಇರಲಿ. ಅಂಗಡಿಯವರು ಅವಸರದಲ್ಲಿ ತಮ್ಮ ಸಂಖ್ಯೆ ಹಾಕಿಬಿಡುತ್ತಾರೆ. ಜುಲೈನಲ್ಲಿ ಒಟಿಪಿ ಅವರ ಫೋನಿಗೆ ಬರುತ್ತದೆ, ಅವತ್ತು ಅಂಗಡಿ ಬಾಗಿಲು ಹಾಕಿರುತ್ತದೆ.


ಗಂಗಾವತಿ_ಗಣಿತ:

ಮೇಲಿನವರು ಕಾಗದದ ಬಗ್ಗೆ ಹೇಳಿದ್ದು ಸರಿಯಾಗಿದೆ. ನಾನು ರ‍್ಯಾಂಕ್ ಮತ್ತು ಕಟ್‌ಆಫ್ (ಸೀಟು ಸಿಕ್ಕ ಕೊನೆಯ ರ‍್ಯಾಂಕ್) ವಿಷಯ ಹೇಳುತ್ತೇನೆ.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಪಿಸಿಎಂ ಅಂಕ ಅರ್ಧ, ಸಿಇಟಿ ಅರ್ಧ. ಪಿಯುನಲ್ಲಿ ಮೂರು ವಿಷಯಕ್ಕೆ 300, ಸಿಇಟಿಯಲ್ಲಿ 180. ಪಿಯುನಲ್ಲಿ 240 ಬಂದರೆ ಶೇ. 80, ಅಂದರೆ 50ಕ್ಕೆ 40. ಸಿಇಟಿಯಲ್ಲಿ 90 ಬಂದರೆ ಶೇ. 50, ಅಂದರೆ 50ಕ್ಕೆ 25. ಒಟ್ಟು 65. ಇಲ್ಲಿಂದ ಪಿಯುನಲ್ಲಿ 10 ಅಂಕ ಹೆಚ್ಚಿಸಿಕೊಂಡರೆ ಒಟ್ಟಿಗೆ ಸೇರುವುದು 1.67. ಸಿಇಟಿಯಲ್ಲಿ ಅದೇ 10 ಅಂಕ ಹೆಚ್ಚಾದರೆ ಸೇರುವುದು 2.78. ನಮ್ಮ ಕಡೆಯ ಮಕ್ಕಳು ಬೋರ್ಡ್ ಪರೀಕ್ಷೆಗೆ ಜೀವ ತೇಯುತ್ತಾರೆ, ಸಿಇಟಿಗೆ ಉಳಿದ ವಾರಗಳನ್ನು ಮಾತ್ರ ಕೊಡುತ್ತಾರೆ. 240 ತೆಗೆದವರು ಸಿಇಟಿಯಲ್ಲಿ 60ಕ್ಕೆ ಇಳಿಯುವುದು ಅದರಿಂದಲೇ. ಒಂದು ಪೇಪರಿಗೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಹಾಗಾಗಿ ಗೊತ್ತಿಲ್ಲದ ಪ್ರಶ್ನೆಗೂ ಒಂದು ಉತ್ತರ ಗುರುತು ಮಾಡಲೇಬೇಕು. ಮನೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ಗಡಿಯಾರ ಮುಂದಿಟ್ಟುಕೊಂಡು ಗಣಿತದಿಂದ ಶುರು ಮಾಡಿ. ಸಮಯ ಸಾಲದೆ ಬಿಡುವುದು ಗಣಿತದಲ್ಲೇ ಹೆಚ್ಚು.

ಪಿಯು ಬೋರ್ಡ್ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆ. ಪರೀಕ್ಷೆ-1ರಲ್ಲಿ ಒಂದು ವಿಷಯ ಕೈಕೊಟ್ಟರೆ ಆ ವಿಷಯವನ್ನಷ್ಟೇ ಪರೀಕ್ಷೆ-2ರಲ್ಲಿ ಬರೆಯಬಹುದು. ಅಂಕ ಹೆಚ್ಚಾದರೆ ಅದು ಸಿಇಟಿ ನಡೆಸುವ ಕೆಇಎ (ಪರೀಕ್ಷಾ ಪ್ರಾಧಿಕಾರ) ಪೋರ್ಟಲ್‌ನಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಿ.

ಈಗ ಬಳ್ಳಾರಿಯೋ ಬೆಂಗಳೂರೋ ಎಂಬ ಮಾತು. 371(ಜೆ) ಇದ್ದರೆ ನಿಮ್ಮ ಒಂದೇ ರ‍್ಯಾಂಕಿಗೆ ಎರಡು ಬೆಲೆ. ಕಲ್ಯಾಣ ಕರ್ನಾಟಕದ ಒಳಗಿನ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70 ಸೀಟು, ಹೊರಗೆ ಶೇ. 8. ಶೇ. 8 ಎಂದರೆ ಕಡಿಮೆ ಅನಿಸುತ್ತದೆ. ಆದರೆ ಆ ಸೀಟುಗಳಿಗೆ ಪೈಪೋಟಿ ಮಾಡುವವರು ಏಳು ಜಿಲ್ಲೆಯವರು ಮಾತ್ರ. ಬೆಂಗಳೂರಿನ ಕಾಲೇಜಿನ ಸಾಮಾನ್ಯ ಕಟ್‌ಆಫ್ ನೋಡಿ ನಮಗೆಲ್ಲಿ ಸಿಗುತ್ತದೆ ಎಂದು ಕೈಬಿಡುವವರು ತಪ್ಪು ಪಟ್ಟಿ ನೋಡಿರುತ್ತಾರೆ. ಕೆಇಎ ಹೈದರಾಬಾದ್-ಕರ್ನಾಟಕದ (ಕಲ್ಯಾಣ ಕರ್ನಾಟಕದ ಹಳೆಯ ಹೆಸರು) ಕಟ್‌ಆಫನ್ನು ಬೇರೆಯಾಗಿಯೇ ಪ್ರಕಟಿಸುತ್ತದೆ. ಸೀಟಿನ ಸಂಕೇತದ ಕೊನೆಗೆ ‘ಎಚ್’ ಇದ್ದರೆ ಅದು 371(ಜೆ) ಸೀಟು. ನಿಮಗೆ ಸಂಬಂಧಪಟ್ಟವು: ಜಿಎಂಎಚ್, 2ಎಜಿಎಚ್, ಕನ್ನಡ ಮಾಧ್ಯಮ ಇರುವುದರಿಂದ 2ಎಕೆಎಚ್. ‘ಆರ್’ ಇರುವವು ಗ್ರಾಮೀಣ, ಅವನ್ನು ನೋಡಬೇಡಿ. ಹಿಂದಿನ ಎರಡು ವರ್ಷದ್ದು, ಮೊದಲ ಸುತ್ತು ಮತ್ತು ಕೊನೆಯ ಸುತ್ತು ಎರಡನ್ನೂ ಇಳಿಸಿಕೊಳ್ಳಿ. ಕೊನೆಯ ಸುತ್ತಿನ ಅಂಕಿ ನೋಡಿದರೆ ಎಲ್ಲಿಯವರೆಗೆ ಆಸೆ ಇಟ್ಟುಕೊಳ್ಳಬಹುದು ಎಂಬುದು ತಿಳಿಯುತ್ತದೆ.

ಕಾಲೇಜು ತೂಗುವಾಗ ಊರಿನ ಹೆಸರು ಬಿಟ್ಟು ಬ್ರಾಂಚ್ ಹಿಡಿದು ನೋಡಿ. ಎನ್‌ಬಿಎ (ಕೋರ್ಸಿನ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಕಾಲೇಜಿಗೆ ಸಿಗುವುದಲ್ಲ, ಒಂದೊಂದು ಬ್ರಾಂಚಿಗೆ ಬೇರೆ ಬೇರೆ ಸಿಗುತ್ತದೆ. ಸಿವಿಲ್‌ಗೆ ಸಿಕ್ಕಿದ್ದನ್ನು ಗೇಟಿನ ಮೇಲೆ ಬರೆಸಿ ಕಂಪ್ಯೂಟರ್ ಸೈನ್ಸ್ ಸೀಟು ತುಂಬಿಸುವುದುಂಟು. ಪ್ಲೇಸ್‌ಮೆಂಟ್ ಎಷ್ಟು ಎಂದು ಕೇಳಿದರೆ ದೊಡ್ಡ ಸಂಖ್ಯೆ ಬರುತ್ತದೆ. ‘ಬ್ಯಾಚಿನಲ್ಲಿ ಎಷ್ಟು ಮಂದಿ, ಅವರಲ್ಲಿ ಕೆಲಸಕ್ಕೆ ಸೇರಿದ ವಿದ್ಯಾರ್ಥಿಗಳು ಎಷ್ಟು’ ಎಂದು ಕೇಳಿ. ಒಬ್ಬನಿಗೆ ಮೂರು ಆಫರ್ ಬಂದರೆ ಮೂರು ಎಂದು ಎಣಿಸುವ ರೂಢಿ ಇದೆ. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಲ್ಯಾಬ್ ಮತ್ತು ಗ್ರಂಥಾಲಯ ನೋಡಿ. ಸಂಜೆ 5ರ ಮೇಲೆ ಗ್ರಂಥಾಲಯ ತೆರೆದಿರುತ್ತದೆಯೇ, ಹುಡುಗಿಯರ ಹಾಸ್ಟೆಲ್‌ನಿಂದ ಅಲ್ಲಿಗೆ ಹೋಗಿಬರಲು ಬಿಡುತ್ತಾರೆಯೇ ಎಂದು ಕೊನೆಯ ವರ್ಷದ ಹುಡುಗಿಯರನ್ನೇ ಕೇಳಿ.


ಕುಷ್ಟಗಿ_ಪಿಯು:

ಕಂದಾಯ ಸರ್, ಗ್ರಾಮೀಣ ವಿಷಯ ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನಾಳೆಯೇ ಬಿಇಒ ಕಚೇರಿಗೆ ಹೋಗ್ತೀನಿ. ಅಪ್ಪನ ಟಿಸಿಗೂ ಹೇಳಿದ್ದೀನಿ.

ಗಣಿತ ಸರ್, ಆಪ್ಷನ್ ಎಂಟ್ರಿಯಲ್ಲಿ (ಕಾಲೇಜು ಆಯ್ಕೆಯ ಪಟ್ಟಿ ತುಂಬುವಾಗ) ಸಿಗುವ ಕಾಲೇಜು ಮೊದಲು ಹಾಕಬೇಕು, ದೊಡ್ಡ ಕಾಲೇಜು ಮೊದಲು ಹಾಕಿದರೆ ಎರಡೂ ಕೈತಪ್ಪುತ್ತೆ ಅಂತಾರಲ್ಲ, ನಿಜವಾ?


ಗಂಗಾವತಿ_ಗಣಿತ:

ನಿಜವಲ್ಲ. ಎಷ್ಟೋ ಮಕ್ಕಳು ಒಳ್ಳೆಯ ಸೀಟು ಕಳೆದುಕೊಳ್ಳುವುದು ಇದನ್ನು ನಂಬಿಯೇ.

ನಿಮ್ಮ ಸರದಿ ಬಂದಾಗ ಯಂತ್ರ ನಿಮ್ಮ ಪಟ್ಟಿಯ 1ನೇ ಆಯ್ಕೆಯಿಂದ ನೋಡುತ್ತಾ ಬರುತ್ತದೆ. ಅಲ್ಲಿ ಸೀಟು ಇಲ್ಲದಿದ್ದರೆ 2, ಅಲ್ಲೂ ಇಲ್ಲದಿದ್ದರೆ 3. ಎಲ್ಲಿ ಮೊದಲು ಸಿಗುತ್ತದೋ ಅಲ್ಲಿ ನಿಲ್ಲುತ್ತದೆ. 1ನೆಯದು ಸಿಗಲಿಲ್ಲವೆಂದು 15ನೆಯದರಲ್ಲಿ ನಿಮ್ಮ ಹಕ್ಕು ಕಡಿಮೆಯಾಗುವುದಿಲ್ಲ. ಸುಲಭವಾಗಿ ಸಿಗುವುದನ್ನು 1ನೇ ಜಾಗದಲ್ಲಿ ಇಟ್ಟರೆ ಯಂತ್ರ ಅಲ್ಲೇ ನಿಂತುಬಿಡುತ್ತದೆ, ಕೆಳಗೆ ಬರೆದ ಒಳ್ಳೆಯದನ್ನು ತಿರುಗಿ ನೋಡುವುದಿಲ್ಲ. ಆದ್ದರಿಂದ ಮನಸ್ಸಿನಲ್ಲಿ ಇಷ್ಟದ ಕ್ರಮ ಏನಿದೆಯೋ ಅದೇ ಕ್ರಮ. ಎಷ್ಟು ಬೇಕಾದರೂ ಹಾಕಬಹುದು, 60 ಆಯ್ಕೆ ಹಾಕಿದರೂ ತಪ್ಪಿಲ್ಲ. ಸಿಕ್ಕರೂ ಸೇರಲು ಆಗದ ಕಾಲೇಜನ್ನು ಮಾತ್ರ ಹಾಕಬೇಡಿ.

ಮೊದಲ ಸುತ್ತಿನ ನಂತರ ಸಾಮಾನ್ಯವಾಗಿ ಹೊಸ ಆಯ್ಕೆ ಸೇರಿಸಲು ಬಿಡುವುದಿಲ್ಲ. ಇರುವುದನ್ನು ಹಿಂದೆ ಮುಂದೆ ಮಾಡಬಹುದು, ತೆಗೆಯಬಹುದು, ಅಷ್ಟೇ. ಪಟ್ಟಿ ಚಿಕ್ಕದಿದ್ದವರು ಸಿಕ್ಕಿಕೊಳ್ಳುವುದು ಇಲ್ಲಿ.

ಒಂದೇ ಕಾಲೇಜಿಗೆ ಎರಡು ಸಂಕೇತ ಇರುವುದನ್ನೂ ಗಮನಿಸಿ. ಬೆಂಗಳೂರಿನ ಕೆಲವು ಹಳೆಯ ಕಾಲೇಜುಗಳಲ್ಲಿ ಅನುದಾನಿತ ಸೀಟಿಗೆ ಒಂದು ಸಂಕೇತ, ಅನುದಾನರಹಿತಕ್ಕೆ ಇನ್ನೊಂದು. ಕಟ್ಟಡ ಅದೇ, ಪದವಿ ಅದೇ, ಶುಲ್ಕ ಬಹಳ ಬೇರೆ. ಅನುದಾನಿತದ್ದನ್ನು ಮೇಲಿಡಿ. ಎಸ್‌ಎನ್‌ಕ್ಯೂ ಎಂದು ಶೇ. 5 ಹೆಚ್ಚುವರಿ ಸೀಟು ಇರುತ್ತವೆ, ಕುಟುಂಬದ ಆದಾಯ 8 ಲಕ್ಷದ ಒಳಗಿದ್ದರೆ ಅಲ್ಲಿ ಬೋಧನಾ ಶುಲ್ಕ ಇಲ್ಲ.

ಮೊದಲು ಅಣಕು ಹಂಚಿಕೆ ಬರುತ್ತದೆ. ಅದು ಸೀಟಲ್ಲ, ನಿಮ್ಮ ಪಟ್ಟಿ ತಿದ್ದಿಕೊಳ್ಳಲು ಸಿಗುವ ಸೂಚನೆ. ಅದರಲ್ಲಿ 3ನೇ ಆಯ್ಕೆ ಬಂತೆಂದು ಕೆಳಗಿನದೆಲ್ಲ ಅಳಿಸಿಬಿಡಬೇಡಿ. ಇತರರೂ ಪಟ್ಟಿ ಬದಲಿಸುತ್ತಾರೆ.

ನಿಜವಾದ ಹಂಚಿಕೆಯ ಮೇಲೆ ನಾಲ್ಕು ದಾರಿ. 1: ಇದೇ ಸಾಕು, ಸೇರುತ್ತೇನೆ. 2: ಇದು ಇರಲಿ, ಮೇಲಿನದು ಸಿಕ್ಕರೆ ಅದು. 3: ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. 4: ಬಿಟ್ಟೆ. 2 ಒತ್ತಿದವರಿಗೆ ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಹಳೆಯದು ತಾನಾಗಿಯೇ ರದ್ದಾಗುತ್ತದೆ, ಮತ್ತೆ ಅದೇ ಬೇಕು ಎನ್ನಲಾಗದು. ಆದ್ದರಿಂದ 2 ಒತ್ತುವ ಮುನ್ನ, ಸಿಕ್ಕಿರುವ ಸೀಟಿಗಿಂತ ನಿಜವಾಗಿ ಇಷ್ಟವಿಲ್ಲದ ಏನಾದರೂ ಪಟ್ಟಿಯಲ್ಲಿ ಅದರ ಮೇಲಿದ್ದರೆ ತೆಗೆದುಬಿಡಿ. 3 ಒತ್ತಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಯಾವುದಕ್ಕೆ ಎಷ್ಟು ಹಣ, ಯಾವ ದಿನದೊಳಗೆ ಎಂಬುದನ್ನು ಆಯಾ ವರ್ಷದ ಕೆಇಎ ಸೂಚನೆಯಲ್ಲಿ ಓದಿ. ಕೊನೆಯ ದಿನ ಬ್ಯಾಂಕ್ ಸರ್ವರ್ ನಂಬಬೇಡಿ.


ಸಿಂಧನೂರಕ್ಕ:

ತಂಗಿ, ಸೀಟ್ ಸಿಕ್ಕ ಮ್ಯಾಲೆ ರೊಕ್ಕದ್ದು ನೋಡೂಣು ಅಂತ ಕುಂದರಬ್ಯಾಡ. ಈಗಿನಿಂದನ ಮಾಡೂದು ಅದ.

ಮೊದಲು ನಿನ್ನ ಹೆಸರಿಲೆ ಇರೋ ಬ್ಯಾಂಕ್ ಖಾತೆ. ಆಧಾರ್ ಲಿಂಕ್ ಆಗ್ಯದ ಅಂದ್ರ ಸಾಲಂಗಿಲ್ಲ, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು. ಎರಡೂ ಬ್ಯಾರೆ. ಸ್ಕಾಲರ್‌ಶಿಪ್ ರೊಕ್ಕ ಖಾತೆ ನಂಬರ್ ನೋಡಿ ಬರಂಗಿಲ್ಲ, ಆಧಾರ್ ಕಡೀಕೆ ಯಾವ ಬ್ಯಾಂಕಿಗೆ ಮ್ಯಾಪ್ ಆಗ್ಯದೋ ಅಲ್ಲಿಗೆ ಹೋಗ್ತದ. ಸಿಮ್ ತಗೊಳ್ಳುವಾಗ ಬೆರಳಚ್ಚು ಕೊಟ್ಟು ಪೇಮೆಂಟ್ ಬ್ಯಾಂಕ್ ಖಾತೆ ತೆರೆಸಿರ್ತಾರ, ಹುಡುಗರಿಗೆ ಗೊತ್ತೇ ಇರಂಗಿಲ್ಲ. ರೊಕ್ಕ ಅಲ್ಲಿ ಬಿದ್ದಿರ್ತದ, ಇವರು ವರ್ಷಗಟ್ಟಲೆ ಬಂದಿಲ್ಲ ಬಂದಿಲ್ಲ ಅಂತ ಅಲೆದಾಡ್ತಿರ್ತಾರ. ಬ್ಯಾಂಕಿಗೆ ಹೋಗಿ ‘ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡ್ರಿ’ ಅಂತ ಫಾರ್ಮ್ ಕೊಟ್ಟು ಬಾ.

ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಕಾಲೇಜು ಸೇರಿದ ಮ್ಯಾಲೆ. ಅದಕ್ಕ ಆರ್‌ಡಿ ನಂಬರ್, ಅಪ್ಪ ಅವ್ವನ ಆಧಾರ್, ಶುಲ್ಕ ಕಟ್ಟಿದ ರಸೀದಿ ಬೇಕು. ರಸೀದಿ ಇ-ಅಟೆಸ್ಟೇಷನ್ (ಆನ್‌ಲೈನ್ ದೃಢೀಕರಣ) ಮಾಡಿಸಬೇಕು, ಅದು ಕಾಲೇಜಿನ್ಯಾಗ ಆಗ್ತದ. ರಸೀದಿ ಕಳಕೋಬ್ಯಾಡ, ಫೋಟೊ ತಗದು ಇಡು.

ಹಾಸ್ಟೆಲ್‌ಗೆ ಹಿಂದುಳಿದ ವರ್ಗದ ಮೆಟ್ರಿಕ್ ನಂತರದ ಬಾಲಕಿಯರ ವಸತಿ ನಿಲಯಕ್ಕ ಅರ್ಜಿ ಬ್ಯಾರೆ ಹಾಕಬೇಕು. ಕಾಲೇಜಿನ ಹಾಸ್ಟೆಲ್ ಬ್ಯಾರೆ, ಇಲಾಖೆಯ ಹಾಸ್ಟೆಲ್ ಬ್ಯಾರೆ. ಇಲಾಖೆಯದರಾಗ ಊಟ ವಸತಿ ಉಚಿತ. ಸೀಟ್ ಸಿಗಲಿಲ್ಲ ಅಂದ್ರ ವಿದ್ಯಾಸಿರಿ ಕೇಳು, ಊಟ ವಸತಿಗೆ ತಿಂಗಳಿಗಿಷ್ಟು ಅಂತ 10 ತಿಂಗಳು ರೊಕ್ಕ ಕೊಡ್ತಾರ. ಬೆಂಗಳೂರಾಗ ಪಿಜಿ ಬಾಡಿಗೆಗೆ ಇದು ಏನೂ ಸಾಲಂಗಿಲ್ಲ. ಬಳ್ಳಾರಿ, ರಾಯಚೂರಾಗ ನಾಲ್ಕು ಹುಡುಗ್ಯಾರು ಕೂಡಿ ರೂಮ್ ಮಾಡಿದ್ರ ಬಾಡಿಗೆ ಹೊರೆ ಕಡಿಮಿ ಆಗ್ತದ. ನಿಮ್ಮ ಮಾವನ ಮುಂದ ಈ ಲೆಕ್ಕ ಇಡು. ನಾಲ್ಕು ವರ್ಷದ ಶುಲ್ಕ, ಬಾಡಿಗೆ, ಊಟ, ಬಸ್ಸು ಎಲ್ಲಾ ಒಂದು ಹಾಳಿ ಮ್ಯಾಲೆ ಬರದು, ಎರಡು ಊರಿಗೂ ಕೂಡಿಸು. ಮೊದಲ ವರ್ಷದ ಶುಲ್ಕ ಅಷ್ಟೇ ನೋಡಿ ‘ಆಗ್ತದ’ ಅಂದು ಎರಡನೇ ವರ್ಷಕ್ಕ ಹೊಲ ಅಡಾ ಇಡೂದು ಬ್ಯಾಡ.


ಎರೆಭೂಮಿ:

ಅಗ್ರಿ ಬಗ್ಗೆ ಯಾರೂ ಬರೆದಿಲ್ಲವಲ್ಲ. 4 ಎಕರೆ ಒಣಬೇಸಾಯದ ಮನೆಯ ಹುಡುಗಿಗೆ, ಪಿಸಿಎಂಬಿ ಇದ್ದಾಗ, ರಾಯಚೂರು ಕೃಷಿ ವಿಶ್ವವಿದ್ಯಾಲಯವನ್ನು ಎರಡನೇ ದರ್ಜೆಯ ಆಯ್ಕೆ ಎಂದು ನೋಡುವುದು ಸರಿಯಲ್ಲ. 2008ರಲ್ಲಿ ಬೇರೆಯಾದ ವಿವಿ ಅದು, ಬಿಎಸ್ಸಿ ಕೃಷಿ ಜೊತೆಗೆ ಕೃಷಿ ಎಂಜಿನಿಯರಿಂಗ್ ಕೂಡ ಇದೆ. ನಿಮ್ಮ ಜಿಲ್ಲೆಯಲ್ಲೇ ಮುನಿರಾಬಾದ್‌ನಲ್ಲಿ ತೋಟಗಾರಿಕೆ ಕಾಲೇಜು ಇದೆ, ಅದು ಬಾಗಲಕೋಟೆ ತೋಟಗಾರಿಕೆ ವಿವಿ ಅಡಿಯಲ್ಲಿ ಬರುತ್ತದೆ.

ಇದಕ್ಕೆ ಎರಡು ಕೆಲಸ ಮಾಡಬೇಕು. ಮೊದಲನೆಯದು, ಸಿಇಟಿಯಲ್ಲಿ ನಾಲ್ಕೂ ಪೇಪರ್ ಬರೆಯುವುದು. ಎಂಜಿನಿಯರಿಂಗ್ ಸಾಕೆಂದು ಜೀವಶಾಸ್ತ್ರ ಬಿಟ್ಟವರಿಗೆ ಆಮೇಲೆ ಬಾಗಿಲು ಮುಚ್ಚುತ್ತದೆ. ಎರಡನೆಯದು, ಅರ್ಜಿಯಲ್ಲೇ ಕೃಷಿಕರ ಕೋಟಾ ಕೇಳಿಕೊಳ್ಳುವುದು. ತಹಶೀಲ್ದಾರರಿಂದ ಕೃಷಿಕರ ಪ್ರಮಾಣಪತ್ರ ಬೇಕು. ಹೊಲ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ವಾರಸಾ ಖಾತೆ ಬದಲಾವಣೆ ಈಗಲೇ ವಿಚಾರಿಸಿ, ಪಹಣಿಯಲ್ಲಿ ಹೆಸರು ಬರುವುದಕ್ಕೆ ದಿನ ಹಿಡಿಯುತ್ತದೆ.

ಈ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ ನಡೆಯುತ್ತದೆ. ಬೀಜ, ಗೊಬ್ಬರ, ಕಳೆ, ಸಲಕರಣೆ ಮುಂದಿಟ್ಟು ಗುರುತಿಸಲು ಹೇಳುತ್ತಾರೆ. ಹೊಲದಲ್ಲಿ ಕೂರಿಗೆ, ಕುಂಟೆ ಹಿಡಿದವರಿಗೆ ಕಷ್ಟವೇನಿಲ್ಲ, ಆದರೆ ತಪ್ಪುವುದು ಒಂದಕ್ಕೊಂದು ಹೋಲುವ ವಸ್ತುಗಳಲ್ಲಿ. ಯೂರಿಯಾ ಕಾಳು ಬಿಳಿ, ಡಿಎಪಿ ಕಾಳು ಬೂದು ಅಥವಾ ಕಂದು, ಪೊಟ್ಯಾಷ್ ಸಾಮಾನ್ಯವಾಗಿ ಕೆಂಪು ಛಾಯೆಯ ಹರಳು. ನವಣೆ, ಸಾವೆ, ಬರಗು ಮೂರನ್ನೂ ಅಂಗೈಯಲ್ಲಿಟ್ಟುಕೊಂಡು ವ್ಯತ್ಯಾಸ ನೋಡಿ. ಗೊಬ್ಬರದ ಅಂಗಡಿಗೆ ಹೋಗಿ ಒಂದೊಂದು ಚಿಟಿಕೆ ಕೇಳಿ ತಂದು ಕಾಗದದ ಪೊಟ್ಟಣದಲ್ಲಿ ಹೆಸರು ಬರೆದಿಟ್ಟುಕೊಳ್ಳಿ. ಪರೀಕ್ಷೆಗೆ ಗೈರಾದರೆ ಕೋಟಾ ಹೋಯಿತು.

ಆಪ್ಷನ್ ಪಟ್ಟಿಯಲ್ಲಿ ಎಂಜಿನಿಯರಿಂಗ್ ಮತ್ತು ಕೃಷಿ ಎರಡನ್ನೂ ಬೆರೆಸಿಯೇ ಕ್ರಮ ಹಾಕಬೇಕಾಗುತ್ತದೆ. ಬಳ್ಳಾರಿಯ ಕಂಪ್ಯೂಟರ್ ಸೈನ್ಸ್ ಮೇಲೋ ರಾಯಚೂರಿನ ಅಗ್ರಿ ಮೇಲೋ ಎಂಬುದನ್ನು ನೀವೇ ತೀರ್ಮಾನಿಸಿ ಇಟ್ಟುಕೊಂಡಿರಿ, ಆ ರಾತ್ರಿ ಪರದೆ ಮುಂದೆ ಕೂತು ಯೋಚಿಸುವ ವಿಷಯ ಅಲ್ಲ.


ಕುಷ್ಟಗಿ_ಪಿಯು:

ಎಲ್ಲರಿಗೂ ತುಂಬಾ ಧನ್ಯವಾದ. ಸಿಂಧನೂರಕ್ಕಾ, ಖಾತೆ ಚೆಕ್ ಮಾಡಿದೆ, ನೀವು ಹೇಳಿದ ಹಾಗೆ ಬೇರೆ ಕಡೆ ಮ್ಯಾಪ್ ಆಗಿದೆ, ಸೋಮವಾರ ಬದಲಿಸ್ತೀನಿ. ಹೊಲ ಅಜ್ಜನ ಹೆಸರಲ್ಲೇ ಇದೆ.

ಒಂದೇ ಪ್ರಶ್ನೆ ಉಳೀತು. ಅರ್ಜಿಯಲ್ಲಿ ಹಾಕಿದ ಮೇಲೆ ಕೆಇಎ ಒಪ್ಪಿಕೊಂಡಿದೆ ಅಂತ ಗೊತ್ತಾಗೋದು ಹೇಗೆ?


ಕಂದಾಯ_ಕಾಗದ:

ಪರಿಶೀಲನೆ ಮುಗಿದ ಮೇಲೆ ವೆರಿಫಿಕೇಷನ್ ಸ್ಲಿಪ್ ಬರುತ್ತದೆ. ಅದನ್ನು ಮುದ್ರಿಸಿಕೊಂಡು ಪೆನ್ನು ಹಿಡಿದು ಸಾಲು ಸಾಲಾಗಿ ನೋಡು: ಹೆಸರು, ವರ್ಗ 2ಎ, ಕನ್ನಡ ಮಾಧ್ಯಮ, 371(ಜೆ), ಕೃಷಿಕರ ಕೋಟಾ, ಆದಾಯ. ನೀನು ಕೇಳಿದ್ದಕ್ಕೆ ಎದುರಿಗೆ ‘ಇಲ್ಲ’ ಎಂದಿದ್ದರೆ ಆಪ್ಷನ್ ಎಂಟ್ರಿ ಶುರುವಾಗುವ ಮೊದಲೇ ಮೂಲ ದಾಖಲೆ ಹಿಡಿದು ಕೆಇಎಗೆ ತಿಳಿಸಬೇಕು, ತಿದ್ದುಪಡಿಗೆ ದಿನಾಂಕ ಕೊಡುತ್ತಾರೆ. ಹಂಚಿಕೆ ಆದಮೇಲೆ ಕೇಳುವವರಿರುವುದಿಲ್ಲ.

ಅಜ್ಜ ಇದ್ದಾರೋ ಇಲ್ಲವೋ ನೀನು ಬರೆದಿಲ್ಲ. ಇದ್ದರೆ ಅಪ್ಪನ ಪಾಲಿಗೆ ವಿಭಾಗ ಪತ್ರ, ಇಲ್ಲದಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಇಟ್ಟು ಪೌತಿ ಖಾತೆಗೆ ಅರ್ಜಿ. ವಂಶವೃಕ್ಷ ನಾಡಕಚೇರಿಯಲ್ಲೇ ಸಿಗುತ್ತದೆ. 371(ಜೆ)ಗೆ ಹೋಗುವ ದಿನವೇ ಇದನ್ನೂ ಕೊಟ್ಟು ಬಾ, ಅಪ್ಪನನ್ನು ಕರೆದುಕೊಂಡೇ ಹೋಗು, ಸಹಿ ಅವರದೇ ಬೇಕು.